ಪ್ಯಾರಿಸ್ಸಿನ ಹಳೆಯ ಚೌಕ: ಎರ್ಮೆಸ್ ರೇಷ್ಮೆ ಸ್ಕಾರ್ಫನ್ನು ಎರಡೂವರೆ ವರ್ಷ ಬಳಸಿದ ಮೇಲೆ

ಎರಡೂವರೆ ವರ್ಷದಿಂದ ನನ್ನ ಬಳಿ ಇರುವ, ಅದಕ್ಕೂ ಮೊದಲು ಯಾರೋ ಫ್ರೆಂಚ್ ಹೆಂಗಸಿನ ಬಳಿ ಎಷ್ಟೋ ವರ್ಷ ಇದ್ದ ಒಂದು ರೇಷ್ಮೆ ಚೌಕದ ಬಗ್ಗೆ ಬರೆಯುತ್ತಿದ್ದೇನೆ. ಎರ್ಮೆಸ್ ಎಂಬ ಫ್ರೆಂಚ್ ಕಂಪನಿ ಇದನ್ನು ಕರೆಯುವುದು 'ಕಾರೆ' ಎಂದು; ಆ ಮಾತಿಗೆ ಫ್ರೆಂಚಿನಲ್ಲಿ ಚೌಕ ಎಂಬುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ. ಉದ್ದ 90 ಸೆಂಟಿಮೀಟರ್, ಅಗಲವೂ ಅಷ್ಟೇ. ಇದರ ಮೇಲಿರುವ ವಿನ್ಯಾಸದ ಹೆಸರು 'ಬ್ರೀದ್ ದ ಗಾಲಾ'. 1957ರಲ್ಲಿ ಯೂಗೊ ಗ್ರಿಗ್ಕಾರ್ ಬರೆದ ಈ ಚಿತ್ರದಲ್ಲಿ ಮೆರವಣಿಗೆಯ ಕುದುರೆಗೆ ತೊಡಿಸುವ ಎರಡು ಕಡಿವಾಣಗಳು ಎದುರುಬದುರಾಗಿ ನಿಂತಿವೆ. ಕುದುರೆಗಳು ಮಾತ್ರ ಇಲ್ಲ. ಹೊಸದನ್ನು ಕೊಳ್ಳಲು ಈಗ 400 ಯೂರೋಗಿಂತ ಹೆಚ್ಚು ಕೊಡಬೇಕಾಗುತ್ತದೆ. ನಾನು ಕೊಟ್ಟದ್ದು 180. ಅದಕ್ಕೆ ಕಾರಣ ಒಂದು ಮೂಲೆಯಲ್ಲಿ ಹುಣಸೆಬೀಜದಷ್ಟು ಅಗಲದ, ಕಾಫಿಯೋ ವೈನೋ ಬಿದ್ದು ಉಳಿದಿರುವ ಒಂದು ಮಾಸಲು ಕಲೆ. ಆ ಕಲೆಯ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ, ಏಕೆಂದರೆ ಈ ವಸ್ತು ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಕಲೆಯ ದೆಸೆಯಿಂದಲೇ.

ಕೆಲಸದ ಮೇಲೆ ಎರಡು ವರ್ಷ ಪ್ಯಾರಿಸ್ಸಿನಲ್ಲಿ ಇರಬೇಕಾಗಿ ಬಂದಾಗ, ಮೈಸೂರಿನಿಂದ ಹೊರಟ ನನ್ನ ಪೆಟ್ಟಿಗೆಯಲ್ಲಿ ಎಲ್ಲ ಬಣ್ಣಗಳೂ ಇದ್ದವು. ಮೊದಲ ವಾರದಲ್ಲೇ ಮೆಟ್ರೋದಲ್ಲಿ ಎದುರು ಸೀಟಿನ ಹೆಂಗಸರನ್ನು ನೋಡುತ್ತಾ ನನಗೆ ಹೊಳೆದದ್ದೆಂದರೆ, ಅವರು ಹಾಕಿಕೊಂಡಿರುವುದರಲ್ಲಿ ನೋಡುವಂಥದ್ದು ಬಹಳ ಕಡಿಮೆ ಎನ್ನುವುದು. ಕಡುನೀಲಿ ಸ್ವೆಟರ್, ಕಪ್ಪು ಅಥವಾ ಬೂದು ಪ್ಯಾಂಟು, ಮಣ್ಣಿನ ಬಣ್ಣದ ಕೋಟು, ಬಾಚಿಯೂ ಬಾಚದಂತಿರುವ ಕೂದಲು. ನಮ್ಮಲ್ಲಿ ಅಲಂಕಾರವೆಂದರೆ ಕೂಡಿಸುತ್ತಾ ಹೋಗುವ ಲೆಕ್ಕ: ಸೀರೆಯಾದ ಮೇಲೆ ಬಳೆ, ಬಳೆಯಾದ ಮೇಲೆ ಸರ, ಓಲೆ, ಮೂಗುಬೊಟ್ಟು, ಕುಂಕುಮ, ಕೊನೆಗೆ ಮುಡಿಗೆ ಒಂದು ಮೊಳ ಮಲ್ಲಿಗೆ, ಯಾವುದಾದರೂ ಒಂದು ಬಿಟ್ಟುಹೋದರೆ ಮನೆಯ ಹಿರಿಯರು ಬಾಗಿಲಲ್ಲೇ ನಿಲ್ಲಿಸಿ 'ಬೋಳು ಕೈಯಲ್ಲಿ ಹೊರಟೆಯಲ್ಲ' ಎನ್ನುತ್ತಾರೆ. ಆ ಲೆಕ್ಕದಲ್ಲಿ ಸೊಗಸು ಇಲ್ಲವೆಂದು ನಾನು ಹೇಳಲಾರೆ. ಪ್ಯಾರಿಸ್ಸಿನದು ಬೇರೆ ಲೆಕ್ಕ, ಅಷ್ಟೇ. ಅಲ್ಲಿ ಎಲ್ಲವೂ ಸುಮ್ಮನಿದ್ದು ಒಂದೇ ಒಂದು ವಸ್ತು ಮಾತಾಡುತ್ತದೆ. ಅದು ಅಜ್ಜಿಯ ಉಂಗುರವಾಗಿರಬಹುದು, ತೊಗಲು ಸವೆದ ಚೀಲವಾಗಿರಬಹುದು, ಬಹಳಷ್ಟು ಸಲ ಕುತ್ತಿಗೆಯ ಬಳಿಯ ಒಂದು ತುಂಡು ಬಣ್ಣದ ಬಟ್ಟೆಯಾಗಿರುತ್ತದೆ.

ಆ ತುಂಡು ಬಟ್ಟೆಯನ್ನು ಹುಡುಕಿಕೊಂಡು ನಾನು ಹೋದದ್ದು ಫೋಬೂರ್ ಸೇಂತ್-ಓನೊರೆ ಬೀದಿಯ 24ನೆಯ ನಂಬರಿನ, 1880ರಿಂದ ಎರ್ಮೆಸ್ ಇರುವ ದೊಡ್ಡ ಕಟ್ಟಡಕ್ಕಲ್ಲ. ಅಲ್ಲಿಗೂ ಒಂದು ಸಲ ಹೋಗಿ, ಗಾಜಿನ ಮೇಜಿನ ಮೇಲೆ ಒಂದಾದ ಮೇಲೊಂದು ಬಿಚ್ಚಿ ತೋರಿಸಿದ ಚೌಕಗಳನ್ನು ಕೈ ಕಟ್ಟಿಕೊಂಡು ನೋಡಿ ಬಂದಿದ್ದೆ. ಕೊಂಡದ್ದು ಸೇನ್ ನದಿಯ ಎಡದಂಡೆಯ ಒಂದು ಓಣಿಯ 'ದೆಪೋ-ವಾಂತ್'ನಲ್ಲಿ. ಇದು ನಮ್ಮ ಊರುಗಳಲ್ಲಿ ಅಷ್ಟಾಗಿ ಇಲ್ಲದ ಬಗೆಯ ಅಂಗಡಿ: ತಮಗೆ ಬೇಡವಾದ ಬಟ್ಟೆ, ಚೀಲ, ಆಭರಣಗಳನ್ನು ಹೆಂಗಸರು ಇಲ್ಲಿ ತಂದಿಟ್ಟು ಹೋಗುತ್ತಾರೆ, ಮಾರಾಟವಾದ ಮೇಲೆ ಅಂಗಡಿಯವರು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಅವರಿಗೆ ಕೊಡುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ 'ಬೊಂಜೂರ್ ಮದಾಮ್' ಎನ್ನಬೇಕು. ಹಾಗೆನ್ನದೆ ನೇರವಾಗಿ ಬಟ್ಟೆಗೆ ಕೈ ಹಾಕಿದವರ ಜೊತೆ ಅಂಗಡಿಯವರು ಆಮೇಲೆ ಮನಬಿಚ್ಚಿ ಮಾತಾಡುವುದಿಲ್ಲ. ನಾನು ಅದನ್ನು ಕಲಿತದ್ದು ಎರಡು ಅಂಗಡಿಗಳಲ್ಲಿ ಮುಖ ಊದಿಸಿಕೊಂಡವರನ್ನು ಕಂಡ ಮೇಲೆ.

ಅಂಗಡಿಯ ಹೆಂಗಸಿಗೆ ಅರವತ್ತೈದರ ಮೇಲೆ ವಯಸ್ಸಿರಬಹುದು. ಮೇಜಿನ ಕೆಳಗಿನ ಅಗಲವಾದ ಡ್ರಾಯರಿನಲ್ಲಿ ಮೂವತ್ತು ನಾಲ್ವತ್ತು ಚೌಕಗಳು ಒಂದರ ಮೇಲೊಂದು ಮಲಗಿದ್ದವು. ಆಕೆ ನಾನು ಕೇಳಿದ್ದನ್ನು ಎತ್ತಿಕೊಂಡು, ಎದುರಿನ ಎರಡು ಮೂಲೆ ಹಿಡಿದು ಒಮ್ಮೆ ಒದರಿ, ಮೇಜಿಗೆ ಮುಟ್ಟಿಸದೆ ಗಾಳಿಯಲ್ಲೇ ಮೂರು ಮಡಿಕೆ ಮಾಡಿ ಪಟ್ಟಿಯಾಗಿಸಿ, ನನ್ನ ಕುತ್ತಿಗೆಗೆ ಒಂದು ಸುತ್ತು ಹಾಕಿ, ಗಂಟಿನ ಅರ್ಧವನ್ನಷ್ಟೇ ಬಿಗಿದು, ಅದನ್ನು ಎಡಗಡೆಗೆ ಎರಡು ಬೆರಳು ಸರಿಸಿ ಬಿಟ್ಟಳು. ಎಲ್ಲ ಸೇರಿ ಹತ್ತು ಸೆಕೆಂಡು ಹಿಡಿದಿರಲಾರದು. ಒಂದು ತುದಿ ಉದ್ದ, ಇನ್ನೊಂದು ಗಿಡ್ಡ ಉಳಿದಿತ್ತು. ಸರಿಮಾಡಿಕೊಳ್ಳಲು ನನ್ನ ಕೈ ತಾನಾಗಿ ಮೇಲೆದ್ದಿತು. ಆಕೆ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿ, 'ಇನ್ನು ಮುಟ್ಟಬೇಡಿ' ಎಂದಳು. ಫ್ರೆಂಚ್ ಹೆಂಗಸರ ಉಡುಪಿನ ಬಗ್ಗೆ ಅಲ್ಲಿದ್ದ ಎರಡು ವರ್ಷದಲ್ಲಿ ನಾನು ಕೇಳಿದ್ದೆಲ್ಲದರಲ್ಲಿ ಉಪಯೋಗಕ್ಕೆ ಬಂದ ಮಾತು ಅದೊಂದೇ.

ಇನ್ನು ವಸ್ತುವಿನ ವಿಚಾರ. ಎರ್ಮೆಸ್ ಹುಟ್ಟಿದ್ದು 1837ರಲ್ಲಿ, ಥಿಯೆರಿ ಎರ್ಮೆಸ್ ಎಂಬವನು ಕುದುರೆಗಾಡಿಗಳ ಸರಂಜಾಮು ಹೊಲಿಯುತ್ತಿದ್ದ ಕಾರ್ಯಾಗಾರವಾಗಿ. ಮೊದಲ ರೇಷ್ಮೆ ಚೌಕ ಬಂದದ್ದು ಅದಕ್ಕೆ ನೂರು ವರ್ಷ ತುಂಬಿದ 1937ರಲ್ಲಿ. ಮನೆಯ ಅಳಿಯ ರೋಬೆರ್ ದ್ಯುಮಾ ರೂಪಿಸಿದ ಅದರ ಮೇಲೆ ಕುದುರೆ ಎಳೆಯುವ ಆಮ್ನಿಬಸ್ಸುಗಳ ಆಟದ ಚಿತ್ರವಿತ್ತು. ಅಲ್ಲಿಂದೀಚೆಗೆ ಎರಡು ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದಿವೆ ಎನ್ನುತ್ತಾರೆ, ಅವುಗಳಲ್ಲಿ ಕಡಿವಾಣ, ತಡಿ, ರಿಕಾಪು, ಚಾವಟಿಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಕುದುರೆಯನ್ನು ದಸರಾ ಮೆರವಣಿಗೆಯಲ್ಲಲ್ಲದೆ ಹತ್ತಿರದಿಂದ ನೋಡಿರದ ನನ್ನಂಥವಳು ಕಡಿವಾಣದ ಚಿತ್ರವನ್ನು ಕುತ್ತಿಗೆಗೆ ಸುತ್ತಿಕೊಳ್ಳುವುದರಲ್ಲಿ ಸ್ವಲ್ಪ ತಮಾಷೆ ಇದೆ ಎಂಬುದು ನನಗೆ ಗೊತ್ತು.

ಬಟ್ಟೆಯ ನೇಯ್ಗೆ ಟ್ವಿಲ್, ಅಂದರೆ ಬೆಳಕಿಗೆ ಹಿಡಿದರೆ ಸಣ್ಣ ಓರೆ ಗೆರೆಗಳು ಕಾಣುವ ನೇಯ್ಗೆ. ಮೈಸೂರು ರೇಷ್ಮೆಯನ್ನು ಮುಟ್ಟಿ ಬೆಳೆದವರಿಗೆ ಇದು ಮೊದಲ ಸಲ ವಿಚಿತ್ರವೆನಿಸುತ್ತದೆ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಕ್ರೇಪ್ ಸೀರೆಯ ನೂಲಿಗೆ ಹುರಿ ಹೆಚ್ಚು, ಆದ್ದರಿಂದ ಅದು ನೀರಿನಂತೆ ಮೈಮೇಲೆ ಇಳಿಯುತ್ತದೆ, ನೆರಿಗೆ ಹಿಡಿದರೆ ನಿಲ್ಲುತ್ತದೆ, ಕೈಯಲ್ಲಿ ಮುದ್ದೆ ಮಾಡಿದರೆ ಸದ್ದು ಮಾಡುವುದಿಲ್ಲ. ಕಾರೆಯ ಟ್ವಿಲ್ ಸದ್ದು ಮಾಡುತ್ತದೆ. ಬೆರಳ ನಡುವೆ ಉಜ್ಜಿದರೆ ಹೊಸ ನೋಟಿನಂತೆ ಸಣ್ಣಗೆ ಕರಕರ ಎನ್ನುತ್ತದೆ, ಮಡಿಸಿದರೆ ಮಡಿಕೆಯ ಒಳಗೆ ಗಾಳಿ ಉಳಿದಂತೆ ಉಬ್ಬಿ ನಿಲ್ಲುತ್ತದೆ. ಕುತ್ತಿಗೆಯ ಗಂಟಿಗೆ ಬೇಕಾದದ್ದು ಈ ಗುಣವೇ. ನನ್ನ ಹತ್ತಿರವಿದ್ದ ಒಂದು ಕ್ರೇಪ್ ತುಂಡನ್ನು ಅದೇ ಅಳತೆಗೆ ಕತ್ತರಿಸಿ, ಅದೇ ರೀತಿ ಕಟ್ಟಿ ನೋಡಿದೆ. ಸಂಜೆಯ ಹೊತ್ತಿಗೆ ಅದು ಹಗ್ಗವಾಗಿತ್ತು. ಸೀರೆಗೆ ಕ್ರೇಪ್ ಮೇಲು, ಗಂಟಿಗೆ ಟ್ವಿಲ್ ಮೇಲು. ಎರಡನ್ನೂ ಬಳಸಿದವಳಾಗಿ ಇಷ್ಟನ್ನು ಧೈರ್ಯದಿಂದ ಹೇಳಬಲ್ಲೆ.

ಚೌಕವೇ ಏಕೆ, ಉದ್ದನೆಯ ದುಪಟ್ಟಾ ಏಕಲ್ಲ ಎಂಬ ಪ್ರಶ್ನೆಗೂ ಬಟ್ಟೆಯಲ್ಲೇ ಉತ್ತರವಿದೆ. ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿದಾಗ ಸಿಗುವ ಪಟ್ಟಿ ಹಾಸು ನೂಲಿನ ಗುಂಟವೂ ಇರುವುದಿಲ್ಲ, ಹೊಕ್ಕು ನೂಲಿನ ಗುಂಟವೂ ಇರುವುದಿಲ್ಲ, ಎರಡರ ನಡುವಿನ ಓರೆಯಲ್ಲಿ ಬೀಳುತ್ತದೆ. ಓರೆಯಲ್ಲಿ ಯಾವ ನೇಯ್ದ ಬಟ್ಟೆಯೂ ಸ್ವಲ್ಪ ಹಿಗ್ಗುತ್ತದೆ, ಬಾಗುತ್ತದೆ, ಮೈಯ ತಿರುವಿಗೆ ಒಗ್ಗಿಕೊಳ್ಳುತ್ತದೆ. 1920ರ ದಶಕದಲ್ಲಿ ಮದ್ಲೆನ್ ವಿಯೊನೆ ಎಂಬ ಪ್ಯಾರಿಸ್ಸಿನ ಉಡುಪುಗಾರ್ತಿ ಇಡೀ ಗೌನುಗಳನ್ನೇ ಓರೆಯಲ್ಲಿ ಕತ್ತರಿಸಿ ಹೆಸರಾದದ್ದು ಇದೇ ಗುಟ್ಟಿನಿಂದ. ಸ್ಕಾರ್ಫಿನ ಗಂಟು ಯಾರೂ ಕಷ್ಟಪಡದೆ ಕುಳಿತಂತೆ ಕಾಣುವುದಕ್ಕೆ ಕೈಚಳಕ ಅರ್ಧ ಕಾರಣ; ಇನ್ನರ್ಧ ಈ ಓರೆಯ ಲೆಕ್ಕ.

ಮುದ್ರಣ ನಡೆಯುವುದು ಲಿಯೋನ್ ನಗರದ ಹತ್ತಿರ. ಪ್ರತಿ ಬಣ್ಣಕ್ಕೂ, ಬಣ್ಣ ಇಳಿಯುವ ಜಾಲರಿ ಬಿಗಿದ ಒಂದೊಂದು ಪ್ರತ್ಯೇಕ ಚೌಕಟ್ಟು. ನೂರು ಮೀಟರಿಗೂ ಉದ್ದದ ಮೇಜುಗಳ ಮೇಲೆ ಬಿಳಿ ರೇಷ್ಮೆಯನ್ನು ಹಾಸಿ, ಒಂದು ಬಣ್ಣದ ಮೇಲೆ ಇನ್ನೊಂದರಂತೆ ಹಚ್ಚುತ್ತಾ ಹೋಗುತ್ತಾರೆ. ಮೂವತ್ತು ನಾಲ್ವತ್ತು ಬಣ್ಣಗಳಿರುವ ವಿನ್ಯಾಸಗಳೂ ಇವೆ, ಅಂಥ ಚಿತ್ರವನ್ನು ಬಣ್ಣಬಣ್ಣವಾಗಿ ಬಿಡಿಸಿ ಚೌಕಟ್ಟಿಗೆ ಇಳಿಸುವ ಕೆಲಸವೊಂದಕ್ಕೇ ನೂರಾರು ಗಂಟೆ ಹಿಡಿಯುತ್ತದೆ. ನನ್ನ ಚೌಕದಲ್ಲಿ ಕಡಿವಾಣದ ಕೊಂಡಿಯೊಂದರ ಹಳದಿಯನ್ನು ಭೂತಗನ್ನಡಿಯಲ್ಲಿ ನೋಡಿದೆ: ಒಂದು ಹಳದಿಯಲ್ಲ, ಮೂರು. ಲೋಹದ ಹೊಳಪು ತೋರಿಸಲು ಒಂದು ತಿಳಿ, ಒಂದು ನಡು, ಒಂದು ಕಂದಿಗೆ ತಿರುಗಿದ್ದು, ಒಂದರ ಅಂಚು ಇನ್ನೊಂದನ್ನು ಕೂದಲೆಳೆಯಷ್ಟೂ ದಾಟದೆ ನಿಂತಿದೆ. ಬಟ್ಟೆಯನ್ನು ಮಗುಚಿದರೆ ಹಿಂಬದಿಯಲ್ಲೂ ಚಿತ್ರ ಹೆಚ್ಚುಕಡಿಮೆ ಅಷ್ಟೇ ಗಾಢವಾಗಿದೆ. ಇದರಿಂದ ಪ್ರಯೋಜನವೇನೆಂದರೆ, ಗಂಟು ಹಾಕಿದಾಗ ಯಾವ ಮುಖ ಹೊರಬಂದರೂ ಚಿಂತೆಯಿಲ್ಲ.

ಲಿಯೋನಿನ ರೇಷ್ಮೆಗೆ ಸುಖದ ಚರಿತ್ರೆಯೊಂದೇ ಇಲ್ಲ. ತೂತಿನ ಕಾರ್ಡುಗಳಿಂದ ವಿನ್ಯಾಸ ನೇಯುವ ಜಕಾರ್ ಮಗ್ಗ ಬಂದದ್ದು 1804ರಲ್ಲಿ, ಅದೇ ಊರಿನಲ್ಲಿ. ಕೂಲಿಗಾಗಿ ಅಲ್ಲಿನ ನೇಕಾರರು 1831ರಲ್ಲಿ ಒಮ್ಮೆ, 1834ರಲ್ಲಿ ಇನ್ನೊಮ್ಮೆ ದಂಗೆಯೆದ್ದು ಸೈನ್ಯದ ಗುಂಡಿಗೆ ಎದೆಯೊಡ್ಡಿದರು. ಮುಂದೆ ಫ್ರಾನ್ಸಿನ ರೇಷ್ಮೆ ಹುಳುಗಳಿಗೇ ರೋಗ ತಗುಲಿ ಸಾಕಣೆ ನೆಲಕಚ್ಚಿದಾಗ, 1865ರಲ್ಲಿ ಲೂಯಿ ಪಾಶ್ಚರ್ ದಕ್ಷಿಣದ ಅಲೆಸ್ ಪಟ್ಟಣಕ್ಕೆ ಹೋಗಿ ಕುಳಿತು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಆ ಮೊಟ್ಟೆಗಳನ್ನು ಎಸೆಯುವ ವಿಧಾನವನ್ನು ಕಂಡುಕೊಂಡ. ಆ ರೋಗವೇ ಪೆಬ್ರಿನ್, ನಮ್ಮ ರೇಷ್ಮೆ ಬೆಳೆಗಾರರ ಬಾಯಲ್ಲಿ ಗಂಟುರೋಗ. ಕರ್ನಾಟಕದ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುವುದು ಅದೇ ದಾರಿಯಲ್ಲಿ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಜಾಲರಿಯ ಮೇಲೆ ಸುರಿದ ಗೂಡುಗಳ ನಡುವೆ ನಿಂತವರಿಗೆ ಪ್ಯಾರಿಸ್ಸಿನ ಸ್ಕಾರ್ಫು ಅಷ್ಟೇನೂ ದೂರದ ವಸ್ತುವಲ್ಲ. ಆದರೆ ಎರ್ಮೆಸ್ ಚೌಕದ ನೂಲು ಫ್ರಾನ್ಸಿನದೂ ಅಲ್ಲ, ನಮ್ಮದೂ ಅಲ್ಲ. ಅದು ಬರುವುದು ಬ್ರೆಜಿಲ್‌ನಿಂದ.

ಈ ವಸ್ತುವಿನಲ್ಲಿ ಹಣಕ್ಕೆ ನಿಜವಾದ ಬೆಲೆ ಇರುವುದು ಎಲ್ಲಿ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಹೆಸರನ್ನಲ್ಲ, ಚಿತ್ರವನ್ನೂ ಅಲ್ಲ, ಅಂಚನ್ನು. ಅಂಚನ್ನು ಮುಂಭಾಗದ ಕಡೆಗೆ ಬತ್ತಿಯಂತೆ ಹೊಸೆದು, ಸೂಜಿಯಿಂದ ಕೈಯಲ್ಲೇ ಹೊಲಿದಿರುತ್ತಾರೆ. ಒಂದು ಚೌಕದ ನಾಲ್ಕೂ ಕಡೆಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸೆರಗಿಗೆ ಕುಚ್ಚು ಕಟ್ಟುವವರ ಬೆರಳು ನೋಡಿದವರಿಗೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ. ಅಂಚು ದುಂಡಗೆ, ಸ್ವಲ್ಪ ದಪ್ಪಗೆ ಇರುವುದರಿಂದ ಬಟ್ಟೆಗೆ ಸುತ್ತಲೂ ಒಂದು ತೂಕ ಬರುತ್ತದೆ, ತುದಿಗಳು ಗಾಳಿಗೆ ಎದ್ದು ಹಾರದೆ ಬಾಗಿ ಬೀಳುತ್ತವೆ. ಯಂತ್ರದಲ್ಲಿ ಅಂಚು ಹೊಡೆದ ಸ್ಕಾರ್ಫು ಎಷ್ಟೇ ಒಳ್ಳೆಯ ರೇಷ್ಮೆಯದಾದರೂ ಅಂಚಿನಲ್ಲಿ ಕಾಗದದಂತೆ ಸೆಟೆದಿರುತ್ತದೆ. ಹಳೆಯ ಚೌಕ ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ: ಹೊಲಿಗೆ ತೀರ ಒಂದೇ ಸಮ ಇದ್ದರೆ, ಅಂಚು ಹಿಂದಕ್ಕೆ ಹೊಸೆದಿದ್ದರೆ, ಚಪ್ಪಟೆಯಾಗಿದ್ದರೆ ಅನುಮಾನಪಡಬೇಕು. ನಕಲು ಮಾಡುವವರು ಚಿತ್ರವನ್ನು ಚೆನ್ನಾಗಿಯೇ ಕದಿಯುತ್ತಾರೆ. ಅರ್ಧ ಗಂಟೆಯ ಕೈಗೆಲಸವನ್ನು ಕದ್ದರೆ ಅವರಿಗೆ ಗಿಟ್ಟುವುದಿಲ್ಲ.

ಬಳಕೆಯ ವಿಷಯಕ್ಕೆ ಬಂದರೆ, ಮೊದಲ ತಿಂಗಳು ನನಗೆ ಸೋಲೇ ಸೋಲು. ಕನ್ನಡಿಯ ಮುಂದೆ ನಾಲ್ವತ್ತು ನಿಮಿಷ ನಿಂತು ಕಟ್ಟಿಕೊಂಡು ಹೊರಟರೆ ವಿಮಾನದ ಗಗನಸಖಿಯಂತೆ ಕಾಣುತ್ತಿದ್ದೆ. ತಪ್ಪು ಎರಡಿತ್ತು. ಒಂದು, ಗಂಟನ್ನು ನಟ್ಟನಡುವೆ ತಂದು ಎರಡೂ ತುದಿಗಳನ್ನು ಸಮ ಮಾಡುತ್ತಿದ್ದದ್ದು. ಇನ್ನೊಂದು, ಅದರ ಜೊತೆಗೆ ಓಲೆ, ಸರ, ಬಣ್ಣದ ಕುರ್ತಾಗಳನ್ನೂ ಬಿಡದೆ ಹಾಕಿಕೊಳ್ಳುತ್ತಿದ್ದದ್ದು. ಈ ಚೌಕದಲ್ಲೇ ಹತ್ತಾರು ಬಣ್ಣಗಳಿರುವಾಗ ಅದರ ಪಕ್ಕದಲ್ಲಿ ಇನ್ನೇನೇ ಇಟ್ಟರೂ ಜಗಳವೇ. ಓಲೆ ಬಿಟ್ಟು, ಕಡುನೀಲಿ ಸ್ವೆಟರಿನ ಮೇಲೆ ಕಟ್ಟಿಕೊಂಡ ದಿನ ಆಫೀಸಿನಲ್ಲಿ ಯಾರೂ ಸ್ಕಾರ್ಫು ಚೆನ್ನಾಗಿದೆ ಎನ್ನಲಿಲ್ಲ. ನೀನು ಚೆನ್ನಾಗಿ ಕಾಣುತ್ತಿದ್ದೀ ಎಂದರು. ಯುರೋಪಿನ ಕೇಂದ್ರ ಬ್ಯಾಂಕಿನ ಕ್ರಿಸ್ತೀನ್ ಲಗಾರ್ದ್ ಅವರ ಚಿತ್ರಗಳನ್ನು ಈ ಕಣ್ಣಿನಿಂದ ನೋಡಬೇಕು. ಬೂದು, ಕಪ್ಪು, ನೀಲಿ ಸೂಟುಗಳ ಮೇಲೆ ಬಹಳಷ್ಟು ಸಲ ಸ್ಕಾರ್ಫು ಇರುತ್ತದೆ. ಬಡ್ಡಿ ದರದ ಬಗ್ಗೆ ಮಾತಾಡುವಾಗ ಅದು ಪಕ್ಕಕ್ಕೆ ಸರಿದರೂ ಅವರ ಕೈ ಅದರ ಕಡೆಗೆ ಹೋಗುವುದನ್ನು ನಾನು ಕಂಡಿಲ್ಲ.

ಪಟ್ಟಿಯಾಗಿ ಮಡಿಸಿ ಪಕ್ಕದ ಗಂಟು ಹಾಕುವುದು, ತ್ರಿಕೋನವಾಗಿ ಮಡಿಸಿ ಚೂಪನ್ನು ಮುಂದಕ್ಕೆ ಬಿಟ್ಟು ಹಿಂದೆ ಗಂಟು ಹಾಕುವುದು, ಜಡೆಯ ಬುಡಕ್ಕೆ ಸುತ್ತುವುದು, ಚೀಲದ ಹಿಡಿಗೆ ಕಟ್ಟುವುದು, ಇಷ್ಟು ನನಗೆ ಬರುತ್ತದೆ ಮತ್ತು ಇಷ್ಟು ಸಾಕು. ಸೊಂಟಕ್ಕೆ ಬೆಲ್ಟಿನಂತೆ ಕಟ್ಟುವುದನ್ನು ಒಮ್ಮೆ ಮಾಡಿದೆ. 90 ಸೆಂಟಿಮೀಟರಿನ ಚೌಕದ ಕರ್ಣ 127 ಸೆಂಟಿಮೀಟರಿಗೆ ಮುಗಿಯುತ್ತದೆ ಎಂಬ ಗಣಿತ ನನ್ನ ಸೊಂಟದ ಪರವಾಗಿರಲಿಲ್ಲ.

ಫ್ರೆಂಚ್ ಸೊಗಸಿನ ಉಳಿದ ಸಾಮಾನುಗಳನ್ನೂ ಅಲ್ಲಿ ಇಷ್ಟಿಷ್ಟು ಬಳಸಿ ನೋಡಿದ್ದೇನೆ. ಲೋಂಶಾಂ ಕಂಪನಿ 1993ರಲ್ಲಿ ತಂದ 'ಲ ಪ್ಲಿಯಾಜ್' ಎಂಬ ಮಡಚುವ ನೈಲಾನ್ ಚೀಲ ನಿಜಕ್ಕೂ ಉಪಯುಕ್ತ, ಮಳೆಗೆ ಹೆದರುವುದಿಲ್ಲ, ಆದರೆ ಪ್ಯಾರಿಸ್ಸಿನ ಪ್ರತಿ ಮೂರನೆಯ ಭುಜದ ಮೇಲೆ ಅದೇ ಇರುವುದರಿಂದ ನೋಡಿ ನೋಡಿ ಸಾಕಾಗುತ್ತದೆ. ರೆಪೆತ್ತೊ ಕಂಪನಿಯ ಬ್ಯಾಲೆ ಚಪ್ಪಲಿ, 1956ರಲ್ಲಿ ಚಿತ್ರನಟಿ ಬ್ರಿಜಿತ್ ಬಾರ್ದೋಗಾಗಿ ಮಾಡಿದ್ದು, ನೋಡಲು ಮುದ್ದಾಗಿದ್ದರೂ ಕಲ್ಲುಹಾಸಿನ ಬೀದಿಯಲ್ಲಿ ಅಂಗಾಲಿಗೆ ಪ್ರತಿ ಕಲ್ಲಿನ ಪರಿಚಯ ಮಾಡಿಸುತ್ತದೆ. ನೀಲಿ ಬಿಳಿ ಪಟ್ಟೆಯ ಅಂಗಿಗೆ 1858ರ ನೌಕಾದಳದ ಆಜ್ಞೆಯೇ ಮೂಲ. ಬಿಳಿ ಪಟ್ಟೆ 20 ಮಿಲಿಮೀಟರ್, ನೀಲಿ ಅದರ ಅರ್ಧ ಎಂದು ಅದರಲ್ಲಿ ನಿಗದಿಯಾಗಿತ್ತು. 1920ರ ದಶಕದಲ್ಲೇ ಉಡುಪುಗಾರ್ತಿ ಕೊಕೊ ಶನೆಲ್ ನಕಲಿ ಮುತ್ತುಗಳನ್ನು ಅಸಲಿಯ ಜೊತೆ ನಾಚಿಕೆಯಿಲ್ಲದೆ ಬೆರೆಸಿ ಹಾಕಿಕೊಂಡು ತಿರುಗಿದ್ದು ಇವೆಲ್ಲಕ್ಕಿಂತ ದೊಡ್ಡ ಪಾಠ.

ಆದರೆ ಆ ಪಾಠವನ್ನು ಪೂರ್ತಿಮಾಡಿದವಳು ಫ್ರೆಂಚಳೇ ಅಲ್ಲ. ಲಂಡನ್ನಿನಲ್ಲಿ ಹುಟ್ಟಿದ ನಟಿ, ಗಾಯಕಿ ಜೇನ್ ಬರ್ಕಿನ್ ವರ್ಷಗಟ್ಟಲೆ ಒಂದು ಬುಟ್ಟಿಯನ್ನು ಕೈಚೀಲವಾಗಿ ಹಿಡಿದು ಪ್ಯಾರಿಸ್ ಸುತ್ತಿದಳು. 1984ರಲ್ಲಿ ಎರ್ಮೆಸ್ ಅವಳ ಹೆಸರಿನಲ್ಲೇ ಚೀಲ ಮಾಡಿಕೊಟ್ಟಾಗ ಅದಕ್ಕೆ ಸ್ಟಿಕ್ಕರ್ ಅಂಟಿಸಿ, ಮಣಿಸರಗಳನ್ನು ತೂಗಹಾಕಿ, ಬಾಯಿ ಮುಚ್ಚದಷ್ಟು ತುಂಬಿ ಬಳಸಿದಳು. ಅವಳ ಆ ಮೊದಲ ಚೀಲ 2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೋಗೆ ಹೋಯಿತು. ಕೊಂಡವರು ಅದರಲ್ಲಿ ತರಕಾರಿ ತರಲಾರರು ಎಂದುಕೊಂಡಿದ್ದೇನೆ. ಬೆಲೆಬಾಳುವ ವಸ್ತುವನ್ನು ಹೆದರದೆ ಬಳಸುವ ಆ ಗುಣಕ್ಕೇ ಹೊರಗಿನವರು ನಿರಾಯಾಸ ಸೊಗಸು ಎಂದು ಹೆಸರಿಟ್ಟಿದ್ದಾರೆ ಎಂಬುದು ನನ್ನ ಅನುಮಾನ.

ಇಲ್ಲೇ ನಾನು ಆ ಕಲೆಗೆ ಮರಳುತ್ತೇನೆ. ಕಿತ್ತಳೆ ಬಣ್ಣದ ಡಬ್ಬಿಯಲ್ಲಿ ಹೊಸ ಚೌಕ ತಂದಿದ್ದರೆ ಅದರ ಗತಿ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಮ್ಮ ಮನೆಯ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆಯೊಳಗೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಸೀರೆಗಳು ಯಾವುದೋ ಮದುವೆಗೆ ಕಾಯುತ್ತಾ ಮಡಿಕೆಯಲ್ಲೇ ಸೀಳುವುದನ್ನು ನೋಡಿ ಬೆಳೆದವಳು ನಾನು. ಈ ಚೌಕಕ್ಕೆ ಮೊದಲ ಪೆಟ್ಟು ನನ್ನ ಕೈಗೆ ಬರುವ ಮೊದಲೇ ಬಿದ್ದಾಗಿತ್ತು. ಆದ್ದರಿಂದ ಮಳೆಯಲ್ಲಿ ತಲೆಗೆ ಕಟ್ಟಿಕೊಂಡೆ, ಕೋಟಿನ ಜೇಬಿಗೆ ತುರುಕಿದೆ, ರೈಲಿನಲ್ಲಿ ಕಣ್ಣ ಮೇಲೆ ಹೊದ್ದು ಮಲಗಿದೆ. ಕೊಳ್ಳುವವರಿಗೆ ನನ್ನ ಸಲಹೆಯೂ ಇದೇ: ಒಂದು ಸಣ್ಣ ಊನವಿರುವ ಹಳೆಯದನ್ನೇ ಹುಡುಕಿ, ಊನ ಮಡಿಕೆಯೊಳಗೆ ಮುಚ್ಚಿಹೋಗುವ ಮೂಲೆಯಲ್ಲಿರಲಿ.

ದೂರುಗಳೂ ಇವೆ. ಒಂದು ಹನಿ ನೀರು ಬಿದ್ದರೆ ಒಣಗಿದ ಮೇಲೆ ಅದರ ಸುತ್ತ ಉಂಗುರದಂಥ ಗುರುತು ಉಳಿಯುವುದುಂಟು; ಪೂರ್ತಿ ನೆನೆದರೆ ವಾಸಿ, ಅರ್ಧ ನೆನೆಯಬಾರದು. ಏಪ್ರಿಲ್ ತಿಂಗಳ ಮೈಸೂರಿನಲ್ಲಿ ಇದನ್ನು ಕುತ್ತಿಗೆಗೆ ಕಟ್ಟಿಕೊಂಡು ಹೊರಗೆ ಹೋಗುವುದು ಶುದ್ಧ ಮೂರ್ಖತನ; ಚೀಲದ ಹಿಡಿಗೆ ಕಟ್ಟಿದರೆ ಬಿಸಿಲಿಗೆ ಒಂದು ಮಗ್ಗುಲು ಮಂಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಅನಾಹುತ ನಡೆದದ್ದು ಊರಿಗೆ ಬಂದ ಮೇಲೆ. ಡ್ರೈಕ್ಲೀನಿಂಗಿಗೆ ಕೊಟ್ಟ ಅಂಗಡಿಯವರು ಅಂಚಿನ ಬತ್ತಿಯನ್ನು ಸುಕ್ಕೆಂದು ತಿಳಿದು, ಒಂದು ಬದಿಯನ್ನು ಪೂರಾ ಇಸ್ತ್ರಿ ಒತ್ತಿ ಚಪ್ಪಟೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ನೀಟಾಗಿ ಸುತ್ತಿ ಕೊಟ್ಟರು. ಅವರದು ತಪ್ಪೆನ್ನಲಾರೆ, ಹೇಳಿ ಕೊಡದೆ ಇದ್ದದ್ದು ನಾನೇ. ಆವಿ ಹಿಡಿದು ಬೆರಳಲ್ಲಿ ಹೊಸೆದು ಅರ್ಧಮರ್ಧ ಸರಿಪಡಿಸಿದ್ದೇನೆ. ಇಸ್ತ್ರಿಯನ್ನು ಅಂಚಿನಿಂದ ಒಂದು ಬೆರಳು ದೂರದಲ್ಲೇ ನಿಲ್ಲಿಸಬೇಕೆಂಬುದನ್ನು ಕೊಳ್ಳುವ ದಿನವೇ ತಿಳಿದಿರುವುದು ಒಳ್ಳೆಯದು.

ಇನ್ನೊಂದು ಮಾತನ್ನು ಬಿಟ್ಟರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಫ್ರೆಂಚ್ ಹೆಂಗಸು ಎಂದು ಜಾಹೀರಾತುಗಳು ತೋರಿಸುವವಳು ಬಹುಮಟ್ಟಿಗೆ ಪ್ಯಾರಿಸ್ಸಿನ ಕೆಲವೇ ಬೀದಿಗಳ, ತೆಳ್ಳಗಿನ, ಬಿಳಿಯ, ಕೈಯಲ್ಲಿ ಕಾಸಿರುವ ಹೆಂಗಸು. ಅದೇ ಊರಿನ ಗೂತ್ ದೋರ್ ಬಡಾವಣೆಯಲ್ಲಿ ಪಶ್ಚಿಮ ಆಫ್ರಿಕಾ ಮೂಲದ ಹೆಂಗಸರು ವ್ಯಾಕ್ಸ್ ಪ್ರಿಂಟಿನ ಬಟ್ಟೆಯನ್ನು ತಲೆಗೆ ಗೋಪುರದಂತೆ ಸುತ್ತುವ ಚೆಂದಕ್ಕೆ ನನ್ನ ಚೌಕದ ಗಂಟು ಎಲ್ಲಿಯ ಸಾಟಿ! ತಲೆಯ ಮೇಲಿನ ಬಟ್ಟೆಗೆ ಆ ದೇಶದಲ್ಲಿ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ ಎಂಬುದನ್ನೂ ನೆನೆಯಬೇಕು. ಚಲನಚಿತ್ರ ತಾರೆ ತೆರೆದ ಕಾರಿನಲ್ಲಿ ರೇಷ್ಮೆಯನ್ನು ಗಲ್ಲದ ಕೆಳಗೆ ಗಂಟು ಹಾಕಿದರೆ ಅದು ಸೊಗಸು. ಮುಸ್ಲಿಂ ಹುಡುಗಿ ತಲೆವಸ್ತ್ರ ಧರಿಸಿ ಸರ್ಕಾರಿ ಶಾಲೆಗೆ ಬರುವುದನ್ನು 2004ರ ಕಾನೂನು ತಡೆಯುತ್ತದೆ. ಪ್ಯಾರಿಸ್ಸಿನ ಹೆಂಗಸರು ಪ್ಯಾಂಟು ಹಾಕಲು ಪೊಲೀಸರ ಅನುಮತಿ ಬೇಕೆಂಬ 1800ರ ಆಜ್ಞೆ ಅಧಿಕೃತವಾಗಿ ಅಸಿಂಧುವಾದದ್ದು 2013ರಲ್ಲಿ ಎಂಬುದನ್ನು ಓದಿದ ದಿನ ನಾನು ಪ್ಯಾಂಟು ತೊಟ್ಟೇ ಕುಳಿತಿದ್ದೆ.

ಚೌಕವನ್ನು ಮೊದಲ ಸಲ ಅಮ್ಮನ ಕೈಗಿತ್ತಾಗ ಅವರು ಸೀರೆ ಅಂಗಡಿಯಲ್ಲಿ ಮಾಡುವಂತೆ ಹೆಬ್ಬೆರಳು ತೋರುಬೆರಳುಗಳ ನಡುವೆ ಮೂಲೆಯನ್ನು ಉಜ್ಜಿ, ಬೆಳಕಿಗೆ ಹಿಡಿದು, ರೇಷ್ಮೆ ಒಳ್ಳೆಯದೇ ಎಂದು ಒಪ್ಪಿಕೊಂಡರು. ಹೊಸದರ ಬೆಲೆ ಹೇಳಿದ ಮೇಲೆ, 'ಅಷ್ಟಕ್ಕೆ ಜರಿಯಂಚಿನ ಮೈಸೂರು ಸಿಲ್ಕೇ ಬರುತ್ತಿತ್ತಲ್ಲೇ, ಇದು ಕರವಸ್ತ್ರ' ಎಂದರು. ಆ ಮಾತಿಗೆ ನನ್ನ ಬಳಿ ಇಂದಿಗೂ ಸರಿಯಾದ ಉತ್ತರವಿಲ್ಲ. ಡಿಸೆಂಬರಿನ ಒಂದು ಬೆಳಗ್ಗೆ ಎದ್ದು ನೋಡಿದರೆ ಚೌಕ ಕುರ್ಚಿಯ ಮೇಲಿರಲಿಲ್ಲ. ಅಮ್ಮ ಕುಕ್ಕರಹಳ್ಳಿ ಕೆರೆಯ ಸುತ್ತಿನಿಂದ ಮರಳಿದರು: ಕಾಟನ್ ಸೀರೆ, ಅದರ ಮೇಲೆ ಅಪ್ಪನ ಬೂದು ಸ್ವೆಟರ್, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಕಿವಿ ಮುಚ್ಚುವಂತೆ ತಲೆಗೆ ಸುತ್ತಿ ಗಲ್ಲದ ಕೆಳಗೆ ಓರೆಯಾಗಿ ಬಿಗಿದ 1957ರ ಕಡಿವಾಣಗಳು. ಬಿಚ್ಚಿ ಕುರ್ಚಿಯ ಮೇಲೆ ಹಾಕುತ್ತಾ, ಎಣ್ಣೆ ಹಚ್ಚಿದ ಕೂದಲ ಮೇಲೆ ಇದು ನಿಲ್ಲುವುದಿಲ್ಲ, ಎರಡು ಸಲ ಜಾರಿತು, ಕಿವಿಗೆ ಗಾಳಿಯನ್ನೂ ತಡೆಯುವುದಿಲ್ಲ, ಉಣ್ಣೆಯ ಮಫ್ಲರೇ ವಾಸಿ ಎಂದು ತೀರ್ಪು ಕೊಟ್ಟು ಕಾಫಿಗೆ ನೀರಿಡಲು ಹೋದರು.